ಸೋಮಾರಿ ಇನ್‌ಪುಟ್, ಹಲವು ಥ್ರೆಡ್: ಯಾವ ಕೆಲಸಕ್ಕೆ ಯಾವ ದಾರಿ?

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಫೈಲ್ ಓದುವುದು ಬಲು ಸಲೀಸು ಅನ್ನಿಸುತ್ತದೆ. ಒಂದೇ ಸಾಲು ಬರೆದರೆ ಇಡೀ ಫೈಲ್ ಕೈಗೆ ಬರುತ್ತದೆ. ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಹುಟ್ಟಿಸುವುದೂ ಒಂದೇ ಸಾಲು. ಇವೆರಡನ್ನೂ ಒಂದೇ ಪ್ರೋಗ್ರಾಂನಲ್ಲಿ ಸೇರಿಸಿದ ದಿನ ಮಾತ್ರ ತಲೆ ಕೆಡುತ್ತದೆ. ಎಂಟು ಕೋರ್ ಇದ್ದರೂ ಒಂದೇ ಓಡುತ್ತಿರುತ್ತದೆ. ಇಲ್ಲವೇ ಮೆಮೊರಿ ಏರುತ್ತಲೇ ಹೋಗುತ್ತದೆ. ಇಲ್ಲವೇ ಫೈಲ್ ಮುಚ್ಚಿಹೋಗಿದೆ ಎಂಬ ದೂರು, ಫೈಲಿಗೆ ಸಂಬಂಧವೇ ಇಲ್ಲದ ಯಾವುದೋ ಮೂಲೆಯಿಂದ ಬರುತ್ತದೆ.

ಆಗ ಹುಟ್ಟುವ ಪ್ರಶ್ನೆ ಇದು: ಲೇಜಿಯಾಗಿಯೇ ಓದಲಾ, ಒಟ್ಟಿಗೆ ಓದಿಬಿಡಲಾ, ನಡುವೆ ಕ್ಯೂ ಇಡಲಾ, ಸ್ಟ್ರೀಮಿಂಗ್ ಲೈಬ್ರರಿ ಹಾಕಲಾ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ಎಲ್ಲವೂ ಚೆನ್ನಾಗಿವೆ, ನಿಮ್ಮಿಷ್ಟ" ಅಂದರೆ ಯಾರಿಗೂ ಪ್ರಯೋಜನವಿಲ್ಲ. ನಾನು ಇವನ್ನೆಲ್ಲ ಬಳಸಿ, ಕೆಲವನ್ನು ಬಳಸಿ ಕೈ ಸುಟ್ಟುಕೊಂಡು, ಈಗ ಯಾವಾಗ ಯಾವುದನ್ನು ಆರಿಸುತ್ತೇನೆ ಎಂದು ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಹ್ಯಾಸ್ಕೆಲ್‌ನವು. ಈ ತೊಂದರೆ ಅಲ್ಲಿ ಎಲ್ಲಕ್ಕಿಂತ ಜೋರಾಗಿ ಕಾಡುತ್ತದೆ. ಉಳಿದ ಭಾಷೆಗಳ ಮಾತು ಕೊನೆಯ ಕಡೆ ಬರುತ್ತದೆ.

ಮೊದಲು ತೊಂದರೆ ಏನು ಅಂತ

ಲೇಜಿ ಅಂದರೆ ಸೋಮಾರಿ. ಒಂದು ಬೆಲೆ (ಅಂದರೆ ಲೆಕ್ಕದ ಫಲ) ಬೇಕೆಂದು ಬರೆದ ತಕ್ಷಣ ಲೆಕ್ಕ ಮಾಡುವುದಿಲ್ಲ, "ಬೇಕಾದಾಗ ಕೊಡ್ತೀನಿ" ಎಂದು ಒಂದು ಚೀಟಿ ಬರೆದು ಕೊಡುತ್ತದೆ. ಆ ಚೀಟಿಗೆ ಥಂಕ್ ಎಂದು ಹೆಸರು. ಯಾರಾದರೂ ಆ ಬೆಲೆಯನ್ನು ನಿಜವಾಗಿ ನೋಡಲು ಹೋದಾಗಲೇ ಲೆಕ್ಕ ನಡೆಯುವುದು.

ಶುದ್ಧ ಲೆಕ್ಕಕ್ಕೆ ಇದು ಸೊಗಸಾದ ಏರ್ಪಾಡು. ಎರಡಕ್ಕೆ ಮೂರು ಕೂಡಿಸುವುದನ್ನು ಈಗ ಮಾಡಿದರೂ ಐದು, ನಾಳೆ ಮಾಡಿದರೂ ಐದು. ಆದರೆ ಗೆಟ್‌ಕಂಟೆಂಟ್ಸ್, ರೀಡ್‌ಫೈಲ್ ಇಂಥವು ಫೈಲ್ ಓದುವ ಕೆಲಸವನ್ನೇ ಚೀಟಿಯಲ್ಲಿ ಬರೆದುಕೊಡುತ್ತವೆ. ಫೈಲ್ ನಾಳೆಯವರೆಗೆ ತೆರೆದಿರುತ್ತದೆ ಎಂಬ ಖಾತ್ರಿ ಇಲ್ಲ. ಚೀಟಿಯನ್ನು ಯಾವ ಥ್ರೆಡ್ ಬಿಡಿಸುತ್ತದೆ ಎಂಬ ಖಾತ್ರಿಯೂ ಇಲ್ಲ.

ಇದಕ್ಕೊಂದು ಹಳೆಯ ಕಾರಣವಿದೆ. ಹ್ಯಾಸ್ಕೆಲ್‌ನ ಮೊದಲ ಆವೃತ್ತಿ 1990ರಲ್ಲಿ ಬಂದಾಗ ಅದರ ಇನ್‌ಪುಟ್ ಔಟ್‌ಪುಟ್ ನಿಂತಿದ್ದೇ ಲೇಜಿ ಪಟ್ಟಿಗಳ ಮೇಲೆ. ಪ್ರೋಗ್ರಾಂ ಅಂದರೆ ಉತ್ತರಗಳ ಪಟ್ಟಿಯನ್ನು ತೆಗೆದುಕೊಂಡು ಕೋರಿಕೆಗಳ ಪಟ್ಟಿಯನ್ನು ಕೊಡುವ ಫಂಕ್ಷನ್. ಕ್ರಿಯೆಗಳನ್ನು ಒಂದರ ಹಿಂದೊಂದು ಜೋಡಿಸುವ ಈಗಿನ ಮೊನಾಡ್ ಶೈಲಿ ಭಾಷೆಯ ಅಧಿಕೃತ ಭಾಗವಾದದ್ದು 1996ರ 1.3 ಆವೃತ್ತಿಯಲ್ಲಿ. ಬರುವ ಪಠ್ಯವನ್ನೆಲ್ಲ ಲೇಜಿಯಾಗಿ ತೆಗೆದುಕೊಂಡು ಹೊರಹೋಗುವ ಪಠ್ಯ ಕೊಡುವ ಇಂಟರ್ಯಾಕ್ಟ್ ಎಂಬ ಫಂಕ್ಷನ್ ನೋಡಿದರೆ ಆ ಹಳೆಯ ಮನೆಯ ಒಂದು ಕಂಬ ಇನ್ನೂ ಹಾಗೇ ನಿಂತಿದೆ ಅನ್ನಿಸುತ್ತದೆ.

ಹಾಗಾಗಿ ಆಯ್ಕೆಯನ್ನೆಲ್ಲ ನಾನು ಒಂದೇ ಪ್ರಶ್ನೆಗೆ ತಂದು ನಿಲ್ಲಿಸುತ್ತೇನೆ: ಕೆಲಸ ಯಾವ ಥ್ರೆಡ್‌ನಲ್ಲಿ, ಯಾವ ಹೊತ್ತಿಗೆ ನಡೆಯುತ್ತದೆ? ಕೋಡ್ ನೋಡಿ ಇದಕ್ಕೆ ಉತ್ತರ ಹೇಳಲು ಬಂದರೆ ನೀವು ಆರಿಸಿದ ದಾರಿ ಸರಿ ಇದೆ.

ತೂಗಲು ಯಾವ ತಕ್ಕಡಿ

ಮೊದಲನೆಯದು ಮೆಮೊರಿ. ಇನ್‌ಪುಟ್ ಎಷ್ಟು ದೊಡ್ಡದು, ಅದಕ್ಕೆ ಕೊನೆ ಇದೆಯಾ? 5 ಎಂಬಿ ಫೈಲ್ ಬೇರೆ, ನಿಲ್ಲದೆ ಹರಿಯುವ ಲಾಗ್ ಬೇರೆ.

ಎರಡನೆಯದು ಮುಚ್ಚುವ ಹೊತ್ತು. ಫೈಲ್, ಸಾಕೆಟ್ ಇವನ್ನು ಯಾವಾಗ ಮುಚ್ಚುತ್ತೀರಿ ಎಂದು ನಿಮಗೆ ಗೊತ್ತಿರಬೇಕೋ, ಅಥವಾ ಯಾವಾಗಲೋ ಮುಚ್ಚಿದರೆ ಸಾಕೋ?

ಮೂರನೆಯದು ತಪ್ಪು ಎಲ್ಲಿ ಸಿಡಿಯುತ್ತದೆ ಎಂಬುದು. ಓದುವಾಗ ಡಿಸ್ಕ್ ಕೈಕೊಟ್ಟರೆ ಆ ಎಕ್ಸೆಪ್ಶನ್ (ಪ್ರೋಗ್ರಾಂ ಎಸೆಯುವ ತಪ್ಪಿನ ಸೂಚನೆ) ಓದುವ ಸಾಲಿನಲ್ಲೇ ಬರಬೇಕು ತಾನೆ? ಲೇಜಿ ಓದಿನಲ್ಲಿ ಅದು ಎಲ್ಲೋ ಶುದ್ಧ ಫಂಕ್ಷನ್ ಒಳಗೆ, ನೀವು ಹಿಡಿಯಲು ತಯಾರಿಲ್ಲದ ಜಾಗದಲ್ಲಿ ಏಳುತ್ತದೆ.

ನಾಲ್ಕನೆಯದು ವೇಗದ ಹೊಂದಾಣಿಕೆ. ಓದುವ ಥ್ರೆಡ್ ಮುಂದೆ ಓಡುತ್ತಿದೆ, ಕೆಲಸದ ಥ್ರೆಡ್‌ಗಳು ಹಿಂದೆ ಬಿದ್ದಿವೆ. ಎತ್ತು ಏರಿಗೆ, ಕೋಣ ನೀರಿಗೆ. ಮುಂದಿನವರನ್ನು ತಡೆದು ನಿಲ್ಲಿಸುವವರು ಯಾರು? ಇದಕ್ಕೆ ಬ್ಯಾಕ್‌ಪ್ರೆಶರ್ ಎನ್ನುತ್ತಾರೆ.

ಐದನೆಯದು ನಿಮ್ಮ ತಾಳ್ಮೆ. ತಮಾಷೆಗೆ ಹೇಳುತ್ತಿಲ್ಲ. ಇಪ್ಪತ್ತು ಸಾಲಿನ ಸಣ್ಣ ಪ್ರೋಗ್ರಾಂಗೆ ಹೊಸ ಲೈಬ್ರರಿ ಕಲಿಯುತ್ತ ಎರಡು ದಿನ ಕಳೆಯುವುದು ದುಬಾರಿ ಖರ್ಚು. ವರ್ಷಗಟ್ಟಲೆ ಓಡಬೇಕಾದ ಸರ್ವರ್‌ಗೆ ಅದೇ ಎರಡು ದಿನ ಪುಕ್ಕಟೆ ಲೆಕ್ಕ.

ದಾರಿ ಒಂದು: ಲೇಜಿಯಾಗಿಯೇ ಓದು, ಒಂದೇ ಥ್ರೆಡ್

ಇದನ್ನು ಬೈಯುವುದು ಈಗ ಫ್ಯಾಷನ್. ನಾನು ಬೈಯುವುದಿಲ್ಲ. ಒಂದು ಕಡೆಯಿಂದ ಪಠ್ಯ ಬರುತ್ತದೆ, ಸಾಲು ಸಾಲಾಗಿ ಬದಲಾಗುತ್ತದೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ಅಷ್ಟೇ ಕೆಲಸ ಎಂದಾದರೆ ಇಂಟರ್ಯಾಕ್ಟ್‌ಗಿಂತ ಚಂದದ್ದು ಇಲ್ಲ. ಬಳಸಿದ ಸಾಲುಗಳನ್ನು ಕಸ ಗುಡಿಸುವವನು (ಗಾರ್ಬೇಜ್ ಕಲೆಕ್ಟರ್, ಬೇಡವಾದ ಮೆಮೊರಿ ಬಿಡಿಸುವ ಭಾಗ) ಹಿಂದಿನಿಂದ ಗುಡಿಸಿಕೊಂಡು ಬರುತ್ತಾನೆ. ಹತ್ತು ಜಿಬಿ ಫೈಲ್ ಕೂಡ ಪುಟ್ಟ ಮೆಮೊರಿಯಲ್ಲಿ ಹಾದುಹೋಗುತ್ತದೆ.

ಎಚ್ಚರ ಬೇಕಾದ ಜಾಗಗಳೂ ಇವೆ. ಮೊದಲನೆಯದು ಸ್ಟ್ರಿಂಗ್. ಹ್ಯಾಸ್ಕೆಲ್‌ನ ಮಾಮೂಲಿ ಸ್ಟ್ರಿಂಗ್ ಅಂದರೆ ಒಂದೊಂದು ಅಕ್ಷರವನ್ನೂ ಕೊಂಡಿ ಹಾಕಿ ಸೇರಿಸಿದ ಪಟ್ಟಿ. 64 ಬಿಟ್ ಯಂತ್ರದಲ್ಲಿ ಪ್ರತಿ ಕೊಂಡಿಗೆ 24 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ರನ್‌ಟೈಮ್ (ಓಡುವಾಗ ಪ್ರೋಗ್ರಾಂ ಜೊತೆಗಿರುವ ವ್ಯವಸ್ಥೆ) ಹಂಚಿಕೊಂಡು ಬಳಸುತ್ತದೆ, ಆದ್ದರಿಂದ ಅಷ್ಟಕ್ಕೇ ನಿಲ್ಲುತ್ತದೆ. ಕನ್ನಡದಂಥ ಲಿಪಿಯಾದರೆ ಅಕ್ಷರಕ್ಕೇ ಇನ್ನೊಂದು 16 ಬೈಟ್ ಸೇರಿ 40 ಆಗಬಹುದು. ಅದೇ ಅಕ್ಷರ ಫೈಲಿನಲ್ಲಿ ಯುಟಿಎಫ್-8 ರೂಪದಲ್ಲಿ ಇರುವುದು 3 ಬೈಟ್! ಹಾಗಾಗಿ ಲೇಜಿ ಬೇಕೆಂದರೂ ಲೇಜಿ ಬೈಟ್‌ಸ್ಟ್ರಿಂಗ್ ಅಥವಾ ಲೇಜಿ ಟೆಕ್ಸ್ಟ್ ಬಳಸಿ. ಬೈಟ್‌ಸ್ಟ್ರಿಂಗ್ ಸುಮಾರು 32 ಕೆಬಿ ತುಂಡುಗಳಾಗಿ ಓದುತ್ತದೆ, ಅಕ್ಷರಕ್ಕೊಂದು ಕೊಂಡಿ ಹಾಕುವುದಿಲ್ಲ.

ಎರಡನೆಯದು ಹಲವು ಫೈಲ್‌ಗಳು. ಒಮ್ಮೆ ಒಂದು ಫೋಲ್ಡರಿನ ಎಲ್ಲ ಲಾಗ್ ಫೈಲ್‌ಗಳಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕಿತ್ತು. ಪಟ್ಟಿಯ ಮೇಲೆ ರೀಡ್‌ಫೈಲ್ ಓಡಿಸಿದೆ, ಬಂದದ್ದನ್ನು ಎಣಿಸಿದೆ. ಹತ್ತು ಫೈಲ್ ಇಟ್ಟು ನೋಡಿದಾಗ ಮುತ್ತಿನಂತೆ ಓಡಿತು. ನಿಜವಾದ ಫೋಲ್ಡರಿಗೆ ಹಚ್ಚಿದೆ, ತೆರೆದ ಫೈಲ್‌ಗಳು ಜಾಸ್ತಿಯಾದವು ಅಂತ ಸತ್ತಿತು. ಕಾರಣ ಸರಳ. ರೀಡ್‌ಫೈಲ್ ಫೈಲನ್ನು ತೆರೆಯುತ್ತದೆ ಅಷ್ಟೇ, ಓದುವುದು ಆಮೇಲೆ. ಓದಿ ಮುಗಿದಾಗಲೇ ಮುಚ್ಚುವುದು. ನಾನು ಎಣಿಸಲು ಶುರುಮಾಡುವ ಮೊದಲೇ ಅಷ್ಟೂ ಫೈಲ್‌ಗಳು ಬಾಯಿ ತೆರೆದು ಕೂತಿದ್ದವು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ ಇರುವ ಮಿತಿ 1024.

ಮೂರನೆಯದು ಮಾತುಕತೆಯ ಪ್ರೋಗ್ರಾಂ. "ನಿಮ್ಮ ಹೆಸರು?" ಎಂದು ಕೇಳಿ ಉತ್ತರ ಪಡೆಯುವಂಥದ್ದನ್ನು ಇಂಟರ್ಯಾಕ್ಟ್‌ನಲ್ಲಿ ಬರೆದರೆ ಪ್ರಶ್ನೆಗೆ ಮೊದಲೇ ಉತ್ತರ ಬೇಡಬಹುದು, ಅಥವಾ ಬಫರಿನಲ್ಲಿ ಪ್ರಶ್ನೆ ಸಿಕ್ಕಿಕೊಂಡು ತೆರೆ ಖಾಲಿ ಇರಬಹುದು. ಅದಕ್ಕೆ ಸುಮ್ನೆ ಗೆಟ್‌ಲೈನ್ ಬಳಸಿ.

ಇನ್ನು ಹ್ಯಾಂಡಲ್ (ತೆರೆದ ಫೈಲಿನ ಹಿಡಿ) ಮುಚ್ಚಿದ ಮೇಲೆ ಚೀಟಿ ಬಿಡಿಸಲು ಹೋದರೆ, ಜಿಎಚ್‌ಸಿ ಎಂಬ ಈಗಿನ ಹ್ಯಾಸ್ಕೆಲ್ ಕಂಪೈಲರ್ "ಮುಚ್ಚಿದ ಹ್ಯಾಂಡಲ್ ಮೇಲೆ ತಡವಾದ ಓದು" ಎಂಬ ಅರ್ಥದ ತಪ್ಪು ಕೊಡುತ್ತದೆ. ಮೊದಲು ಅದನ್ನೂ ಹೇಳದೆ, ಪಠ್ಯವನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟು ಸುಮ್ಮನಿರುತ್ತಿತ್ತು. ಆ ದಿನಗಳಲ್ಲಿ ಬಗ್ ಹುಡುಕಿದವರನ್ನು ನೆನೆದರೆ ಪಾಪ ಅನ್ನಿಸುತ್ತದೆ.

ಒಂದು ಥ್ರೆಡ್, ಒಂದು ಫೈಲ್, ಮೊದಲಿಂದ ಕೊನೆಯವರೆಗೆ ಒಂದೇ ನಡೆ. ಇಷ್ಟಕ್ಕೆ ಈ ದಾರಿ ಸಾಕು. ಎರಡನೇ ಥ್ರೆಡ್ ಬಂದ ಕೂಡಲೇ ಇದನ್ನು ಬಿಡಿ.

ಯಾಕೆ ಅಂದರೆ, ಎರಡು ಥ್ರೆಡ್‌ಗಳು ಒಂದೇ ಲೇಜಿ ಪಟ್ಟಿಯನ್ನು ಹಿಡಿದುಕೊಂಡರೆ ಹಿಂದೆ ಬಿದ್ದವನು ದಾಟುವ ತನಕ ನಡುವಿನ ಎಲ್ಲವೂ ಮೆಮೊರಿಯಲ್ಲೇ ಉಳಿಯುತ್ತದೆ. ಇಬ್ಬರೂ ಒಂದೇ ಚೀಟಿ ಬಿಡಿಸಿದರೂ ಫೈಲನ್ನು ಎರಡು ಸಲ ಓದದಂತೆ ರನ್‌ಟೈಮ್ ನೋಡಿಕೊಳ್ಳುತ್ತದೆ, ಆ ಮಟ್ಟಿಗೆ ಭಯವಿಲ್ಲ. ಆದರೆ ಕೀಬೋರ್ಡಿನಿಂದ ಬರಬೇಕಾದ ಲೇಜಿ ಸಾಲನ್ನು ಯಾರೋ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಹಿಡಿದುಕೊಂಡು ಒಳಗೆ ಬಿಡಿಸಿದರೆ? ಮನುಷ್ಯ ಟೈಪ್ ಮಾಡುವ ತನಕ ಲಾಕ್ ಬಿಡುವುದಿಲ್ಲ. ಉಳಿದ ಥ್ರೆಡ್‌ಗಳೆಲ್ಲ ಬಾಗಿಲಲ್ಲಿ ನಿಂತಿರುತ್ತವೆ.

ದಾರಿ ಎರಡು: ಪೂರ್ತಿ ಓದು, ಆಮೇಲೆ ಹಂಚು

ನನ್ನನ್ನು ಕೇಳಿದರೆ ಹತ್ತರಲ್ಲಿ ಆರು ಜನಕ್ಕೆ ಇದೇ ಸಾಕು. ಫೈಲ್ ಮೆಮೊರಿಯಲ್ಲಿ ಹಿಡಿಯುತ್ತದೆ ಎಂದಾದರೆ ಒಟ್ಟಿಗೆ ಓದಿ, ಮುಚ್ಚಿ, ಮರೆತುಬಿಡಿ. ಸ್ಟ್ರಿಕ್ಟ್ (ಲೇಜಿಗೆ ಎದುರು, ಕೂಡಲೇ ಕೆಲಸ ಮುಗಿಸುವ) ಬೈಟ್‌ಸ್ಟ್ರಿಂಗ್‌ನಲ್ಲಿ 200 ಎಂಬಿ ಫೈಲ್ ಹತ್ತಿರಹತ್ತಿರ 200 ಎಂಬಿಯನ್ನೇ ತೆಗೆದುಕೊಳ್ಳುತ್ತದೆ. ಈಗಿನ ಯಂತ್ರಗಳಿಗೆ ಅದೇನು ಭಾರವಲ್ಲ. ಸ್ಟ್ರಿಂಗ್ ಬಿಡಲಾರೆ ಎನ್ನುವವರಿಗೂ ಜಿಎಚ್‌ಸಿ 9.0ರಿಂದ ಗೆಟ್‌ಕಂಟೆಂಟ್ಸ್, ರೀಡ್‌ಫೈಲ್ ಹೆಸರುಗಳ ಕೊನೆಗೆ ಒಂದು ಕೊಕ್ಕೆ ಗುರುತು ಹಚ್ಚಿದ ಸ್ಟ್ರಿಕ್ಟ್ ರೂಪಗಳು ಜೊತೆಯಲ್ಲೇ ಬರುತ್ತವೆ.

ಓದಿದ್ದು ಆದ ಮೇಲೆ ಸಾಲುಗಳನ್ನು ಕಂತೆ ಕಟ್ಟಿ, ಅಸಿಂಕ್ ಲೈಬ್ರರಿಯ ಮ್ಯಾಪ್‌ಕನ್ಕರೆಂಟ್ಲಿಗೆ ಕೊಡಿ. ಬಂದ ಫಲಿತಾಂಶಗಳ ಕ್ರಮ ಕೆಡುವುದಿಲ್ಲ. ಒಂದು ಕಡೆ ತಪ್ಪಾದರೆ ಉಳಿದವನ್ನು ಅದೇ ನಿಲ್ಲಿಸಿ ತಪ್ಪನ್ನು ನಿಮಗೆ ತಲುಪಿಸುತ್ತದೆ. ಕಂತೆ ಕಟ್ಟಿ ಎಂದು ಹೇಳಿದ್ದನ್ನು ಮರೆಯಬೇಡಿ. ಇದಕ್ಕೆ ಮೇಲ್ಮಿತಿ ಇಲ್ಲ. ಲಕ್ಷ ಸಾಲು ಕೊಟ್ಟರೆ ಲಕ್ಷ ಥ್ರೆಡ್ ಹುಟ್ಟಿಸುತ್ತದೆ. ಜಿಎಚ್‌ಸಿಯ ಥ್ರೆಡ್‌ಗಳು ಹಗುರ, ಒಂದರ ಸ್ಟ್ಯಾಕ್ ಶುರುವಾಗುವುದೇ 1 ಕೆಬಿಯಿಂದ. ಹಾಗಾಗಿ ಲಕ್ಷ ಥ್ರೆಡ್‌ಗೆ ಯಂತ್ರ ಸಾಯುವುದಿಲ್ಲ. ಆದರೆ ಪ್ರತಿಯೊಂದೂ ಒಂದೊಂದು ಸಾಕೆಟ್ ತೆರೆಯಲು ಹೋದರೆ ಮೇಲೆ ಹೇಳಿದ 1024ರ ಗೋಡೆಗೆ ತಲೆ ಹೊಡೆಯುತ್ತೀರಿ. ಮಿತಿ ಬೇಕಿದ್ದರೆ ಅನ್‌ಲಿಫ್ಟ್‌ಐಒ ಲೈಬ್ರರಿಯಲ್ಲಿ ಇಷ್ಟೇ ಥ್ರೆಡ್ ಎಂದು ಸಂಖ್ಯೆ ಕೊಡುವ ರೂಪವಿದೆ.

ಇಲ್ಲೊಂದು ಸಣ್ಣ ಮುಳ್ಳು. ಸ್ಟ್ರಿಕ್ಟ್ ಬೈಟ್‌ಸ್ಟ್ರಿಂಗ್‌ನ ಒಂದು ಸಾಲು ಅಂದರೆ ದೊಡ್ಡ ಬಫರಿನ ಒಳಕ್ಕೆ ತೋರಿಸುವ ಬೆರಳು ಮಾತ್ರ. ಇಡೀ ಫೈಲಿನಲ್ಲಿ ಒಂದೇ ಒಂದು ಸಾಲನ್ನು ಉಳಿಸಿಕೊಂಡರೂ 200 ಎಂಬಿ ಅಲ್ಲೇ ಕೂತಿರುತ್ತದೆ. ಉಳಿಸಿಕೊಳ್ಳುವುದನ್ನು ಕಾಪಿ ಮಾಡಿಕೊಳ್ಳಿ.

ಕೆಲಸ ಪೂರ್ತಿ ಶುದ್ಧ ಲೆಕ್ಕವೇ ಆಗಿದ್ದರೆ ಥ್ರೆಡ್‌ಗಳ ಗೋಜೂ ಬೇಡ. ಪ್ಯಾರಲಲ್ ಲೈಬ್ರರಿಯ ಸ್ಪಾರ್ಕ್‌ಗಳು (ಬಿಡುವಾದ ಕೋರ್ ಎತ್ತಿಕೊಳ್ಳಬಹುದಾದ ಲೆಕ್ಕಗಳು) ಸಾಕು. ಅದರಲ್ಲಿ ಪಾರ್‌ಬಫರ್ ಎಂಬುದು ಲೇಜಿ ಪಟ್ಟಿಯ ಮುಂದಿನ ಇಷ್ಟು ಅಂಶಗಳನ್ನು ಮಾತ್ರ ಮೊದಲೇ ಲೆಕ್ಕ ಹಾಕಿಸುತ್ತದೆ.

ಸ್ವಲ್ಪ ನಿಲ್ಲಿ: ಕೆಲಸ ಮಾಡದ ಕೆಲಸಗಾರರು

ಮುಂದಿನ ದಾರಿಗಳಿಗೆ ಹೋಗುವ ಮೊದಲು ಒಂದು ಕತೆ. ಯಾವ ದಾರಿ ಹಿಡಿದರೂ ಈ ಹಳ್ಳ ಸಿಗುತ್ತದೆ.

ಒಂದು ದೊಡ್ಡ ಲಾಗ್ ಫೈಲ್. ಎಂಟು ಥ್ರೆಡ್ ಇಟ್ಟೆ. ಪ್ರತಿಯೊಂದೂ ತನ್ನ ಕಂತೆಯ ಸಾಲುಗಳನ್ನು ಪಾರ್ಸ್ ಮಾಡಿ (ಪಠ್ಯವನ್ನು ಬಿಡಿಸಿ ಅರ್ಥ ಹಚ್ಚಿ) ಫಲಿತಾಂಶವನ್ನು ಒಂದು ಎಂವಾರ್‌ಗೆ ಹಾಕಬೇಕು. ಮುಖ್ಯ ಥ್ರೆಡ್ ಅವನ್ನು ತೆಗೆದು ಕೂಡಿಸಬೇಕು. ಎಂವಾರ್ ಅಂದರೆ ಒಂದೇ ವಸ್ತು ಹಿಡಿಯುವ ಡಬ್ಬಿ. ತುಂಬಿದ್ದರೆ ಹಾಕುವವನು ಕಾಯುತ್ತಾನೆ, ಖಾಲಿಯಿದ್ದರೆ ತೆಗೆಯುವವನು ಕಾಯುತ್ತಾನೆ. ಥ್ರೆಡೆಡ್ ರನ್‌ಟೈಮ್ ಹಾಕಿ ಕಂಪೈಲ್ ಮಾಡಿದ್ದೆ, ಎಂಟು ಕೋರ್ ಕೊಟ್ಟಿದ್ದೆ. ಓಡಿಸಿ ಇನ್ನೊಂದು ಕಿಟಕಿಯಲ್ಲಿ ಟಾಪ್ (ಪ್ರೋಗ್ರಾಂಗಳ ಸಿಪಿಯು ಬಳಕೆ ತೋರಿಸುವ ಕಮಾಂಡ್) ತೆರೆದು ನೋಡಿದರೆ ಪ್ರೋಗ್ರಾಂ ಬಳಸುತ್ತಿರುವುದು ನೂರು ಪರ್ಸೆಂಟ್, ಅಂದರೆ ಒಂದೇ ಕೋರ್. ಎಂಟುನೂರು ಇರಬೇಕಿತ್ತಲ್ಲ!

ಲಾಕ್ ತಪ್ಪಿರಬೇಕು ಎಂದು ಅರ್ಧ ದಿನ ಹುಡುಕಿದೆ. ಲಾಕ್ ಸರಿಯಾಗಿಯೇ ಇತ್ತು. ಥ್ರೆಡ್‌ಗಳು ಎಂವಾರ್‌ಗೆ ಹಾಕುತ್ತಿದ್ದದ್ದು ಪಾರ್ಸ್ ಆದ ಫಲಿತಾಂಶವನ್ನಲ್ಲ, "ಈ ಸಾಲುಗಳನ್ನು ಪಾರ್ಸ್ ಮಾಡು" ಎಂಬ ಚೀಟಿಯನ್ನು. ಚೀಟಿ ಬರೆಯಲು ಎಷ್ಟು ಹೊತ್ತು? ಎಂಟೂ ಜನ ಕಣ್ಣು ಮಿಟುಕಿಸುವುದರಲ್ಲಿ ಚೀಟಿ ಬರೆದಿಟ್ಟು ಮನೆಗೆ ಹೋಗಿದ್ದರು. ಮುಖ್ಯ ಥ್ರೆಡ್ ಒಬ್ಬನೇ ಕೂತು ಎಲ್ಲರ ಚೀಟಿ ಬಿಡಿಸುತ್ತಿತ್ತು.

ಪರಿಹಾರವಾಗಿ ಹಾಕುವ ಮೊದಲು ಎವ್ಯಾಲ್ಯುಯೇಟ್ ಸೇರಿಸಿದೆ. ಏನೂ ಬದಲಾಗಲಿಲ್ಲ. ಯಾಕೆಂದರೆ ಅದು ಬೆಲೆಯ ಹೊರ ಪದರವನ್ನು ಮಾತ್ರ ಬಿಡಿಸುತ್ತದೆ. ನನ್ನ ಫಲಿತಾಂಶ ಒಂದು ರೆಕಾರ್ಡ್, ಅದರೊಳಗಿನ ಪ್ರತಿ ಫೀಲ್ಡ್ ಮತ್ತೊಂದು ಚೀಟಿ. ಡೀಪ್‌ಸೀಕ್ ಲೈಬ್ರರಿಯ ಫೋರ್ಸ್ ಸೇರಿಸಿ ಬುಡದವರೆಗೂ ಬಿಡಿಸಿದ ಮೇಲೆ ಎಂಟು ಕೋರ್‌ಗಳೂ ಎದ್ದವು. ಈಗ ನಾನು ಥ್ರೆಡ್‌ಗಳ ನಡುವೆ ಓಡಾಡುವ ರೆಕಾರ್ಡ್‌ಗಳ ಫೀಲ್ಡ್‌ಗಳನ್ನೆಲ್ಲ ಸ್ಟ್ರಿಕ್ಟ್ ಎಂದೇ ಬರೆಯುತ್ತೇನೆ. ಜಿಎಚ್‌ಸಿ 8.0ರಿಂದ ಬಂದ ಸ್ಟ್ರಿಕ್ಟ್‌ಡೇಟಾ ಹಾಕಿದರೆ ಆ ಫೈಲಿನಲ್ಲಿ ಇಡೀ ಒಮ್ಮೆಗೇ ಹಾಗಾಗುತ್ತದೆ.

ಇದರ ತಮ್ಮ ಇನ್ನೊಬ್ಬನಿದ್ದಾನೆ. ಎಂವಾರ್ ಅಥವಾ ಟಿವಾರ್‌ನಲ್ಲಿ (ದಾರಿ ನಾಲ್ಕರಲ್ಲಿ ಬರುವ ಇನ್ನೊಂದು ಡಬ್ಬಿ) ಎಣಿಕೆ ಇಟ್ಟು ಒಂದೊಂದೇ ಕೂಡಿಸುತ್ತ ಹೋಗುತ್ತೀರಿ. ಯಾರೂ ನೋಡದಿದ್ದರೆ ಅಲ್ಲಿ ಬೆಳೆಯುವುದು ಸಂಖ್ಯೆಯಲ್ಲ, "ಒಂದು ಕೂಡಿಸು" ಎಂಬ ಚೀಟಿಗಳ ಸರಪಳಿ. ಟಿವಾರ್‌ಗಾದರೆ ಕೊಕ್ಕೆ ಗುರುತಿನ ಮಾಡಿಫೈ ಇದೆ, ಅದನ್ನೇ ಬಳಸಿ.

ದಾರಿ ಮೂರು: ಕೈಯಾರೆ ಓದು, ಫೋರ್ಕ್‌ಐಒ, ಎಂವಾರ್, ಚಾನ್

ಎಂವಾರ್ ಮತ್ತು ಥ್ರೆಡ್ ಹುಟ್ಟಿಸುವ ಫೋರ್ಕ್‌ಐಒ ಬಂದದ್ದು 1996ರ ಕನ್ಕರೆಂಟ್ ಹ್ಯಾಸ್ಕೆಲ್ ಪ್ರಬಂಧದೊಂದಿಗೆ. ಇವತ್ತಿಗೂ ಗಟ್ಟಿಮುಟ್ಟಾದ ಸಾಮಾನು. ಹೊರಗಿನ ಲೈಬ್ರರಿ ಬೇಕಿಲ್ಲ. ಒಂದು ಥ್ರೆಡ್ ಹ್ಯಾಂಡಲ್‌ನಿಂದ ಸಾಲು ಓದುತ್ತ ಚಾನಲ್‌ಗೆ (ಥ್ರೆಡ್‌ಗಳ ನಡುವಿನ ಕ್ಯೂ, ಹ್ಯಾಸ್ಕೆಲ್‌ನಲ್ಲಿ ಅದರ ಹೆಸರು ಚಾನ್) ಹಾಕುತ್ತದೆ, ಉಳಿದವು ತೆಗೆಯುತ್ತವೆ. ಓದು ಯಾವ ಥ್ರೆಡ್‌ನಲ್ಲಿ ನಡೆಯುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

ತೊಡಕು ಮೂರು. ಚಾನ್‌ಗೆ ಮಿತಿ ಇಲ್ಲ. ಓದುವವನು ವೇಗವಾಗಿದ್ದರೆ ಇಡೀ ಫೈಲ್ ಚಾನಲ್‌ನಲ್ಲಿ ಬಂದು ಕೂರುತ್ತದೆ. ಅಂದರೆ ಲೇಜಿ ಬಿಟ್ಟು ಬಂದದ್ದರ ಪುಣ್ಯ ಅಲ್ಲಿಗೆ ಮುಗಿಯಿತು. ಎರಡನೆಯದಾಗಿ, ಫೋರ್ಕ್‌ಐಒ ಮಾಡಿದ ಥ್ರೆಡ್ ಸತ್ತರೆ ತಪ್ಪು ತೆರೆಯ ಮೇಲೆ ಬರುತ್ತದೆ, ಅಷ್ಟೇ. ಹುಟ್ಟಿಸಿದವನಿಗೆ ಸುದ್ದಿ ಹೋಗುವುದಿಲ್ಲ. ಮೂರನೆಯದಾಗಿ, ಮುಖ್ಯ ಥ್ರೆಡ್ ಮುಗಿದರೆ ಉಳಿದವೆಲ್ಲ ಅಲ್ಲೇ ನಿಲ್ಲುತ್ತವೆ, ಕೈಯಲ್ಲಿದ್ದ ಕೆಲಸ ಅರ್ಧಕ್ಕೇ ಬಿಟ್ಟು.

ಚಾನ್‌ನಲ್ಲಿ ಗೆಟ್‌ಚಾನ್‌ಕಂಟೆಂಟ್ಸ್ ಎಂಬ ಒಂದು ಚಮತ್ಕಾರವಿದೆ. ಚಾನಲ್‌ಗೆ ಬರುವುದನ್ನೆಲ್ಲ ಕೊನೆಯಿಲ್ಲದ ಲೇಜಿ ಪಟ್ಟಿಯಾಗಿ ಕೊಡುತ್ತದೆ. ಹಳೆಯ ಪಟ್ಟಿ ಫಂಕ್ಷನ್‌ಗಳನ್ನೆಲ್ಲ ಹಾಗೇ ಬಳಸಬಹುದು! ನೋಡಿದ ದಿನ ನನಗೂ ಹಬ್ಬ. ಆದರೆ ಮೇಲೆ ಹೇಳಿದ ಲೇಜಿ ಓದಿನ ರೋಗಗಳೆಲ್ಲ ಇದರಲ್ಲಿ ವಾಪಸ್ ಬರುತ್ತವೆ. ಆಟಕ್ಕೆ ಸರಿ.

ಎರಡು ಮೂರು ಥ್ರೆಡ್, ಗೊತ್ತಿರುವ ಕೆಲಸ, ಲೈಬ್ರರಿ ಸೇರಿಸಲು ಅವಕಾಶವಿಲ್ಲ ಎಂಬ ಕಡೆ ಈ ದಾರಿ. ಆಗಲೂ ಚಾನ್ ಬಿಟ್ಟು ಎಂವಾರ್ ಒಂದನ್ನೇ ಬಳಸಿದರೆ ಓದುವವನು ಒಂದು ಹೆಜ್ಜೆಗಿಂತ ಮುಂದೆ ಹೋಗಲಾರ.

ದಾರಿ ನಾಲ್ಕು: ಎಸ್‌ಟಿಎಂ ಕ್ಯೂ ಮತ್ತು ಅಸಿಂಕ್

ನಾನು ಹೆಚ್ಚಾಗಿ ಬಂದು ನಿಲ್ಲುವುದು ಇಲ್ಲಿ. ಎಸ್‌ಟಿಎಂ (ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿ) ಜಿಎಚ್‌ಸಿಗೆ ಬಂದದ್ದು 2005ರ ಹೊತ್ತಿಗೆ. ಟಿವಾರ್‌ಗಳ ಮೇಲಿನ ಓದು ಬರಹವನ್ನು ಒಂದು ವಹಿವಾಟಿನಂತೆ ಕಟ್ಟಬಹುದು. ನಡೆದರೆ ಎಲ್ಲವೂ ನಡೆಯುತ್ತದೆ, ಇಲ್ಲವಾದರೆ ಏನೂ ನಡೆದಿಲ್ಲ. "ಈ ಕ್ಯೂನಲ್ಲಿ ಏನಾದರೂ ಇದ್ದರೆ ಅದು, ಇಲ್ಲವಾದರೆ ಆ ಕ್ಯೂ" ಎಂಬುದನ್ನು ಎರಡು ಪದದಲ್ಲಿ ಸೇರಿಸಬಹುದು. ಎಂವಾರ್‌ನಲ್ಲಿ ಅದನ್ನು ಬರೆಯಲು ಹೋಗಿ ನೋಡಿ, ಬೆವರು ಇಳಿಯುತ್ತದೆ.

ಈ ದಾರಿಯ ಹೃದಯ ಟಿಬಿಕ್ಯೂ. ಮಿತಿ ಇರುವ ಕ್ಯೂ. ನೂರು ಕಂತೆ ಎಂದು ಮಿತಿ ಇಟ್ಟರೆ ನೂರ ಒಂದನೆಯದನ್ನು ಹಾಕಲು ಬಂದ ಓದುಗ ಥ್ರೆಡ್ ಅಲ್ಲೇ ಕಾಯುತ್ತದೆ. ಬ್ಯಾಕ್‌ಪ್ರೆಶರ್ ಬೇಕೆಂದಿರಲ್ಲ, ಅದು ಇಷ್ಟೇ. ಹತ್ತು ಜಿಬಿ ಫೈಲ್ ಇದ್ದರೂ ಮೆಮೊರಿಯಲ್ಲಿ ನೂರು ಕಂತೆ ಮತ್ತು ಕೆಲಸಗಾರರ ಕೈಯಲ್ಲಿರುವಷ್ಟು.

ಬಿಗಿಯಾಗಿ ಯೋಚಿಸಬೇಕಾದ ಜಾಗ "ಮುಗಿಯಿತು" ಎಂದು ಹೇಳುವುದು. ಫೈಲ್ ಮುಗಿದಾಗ ಕ್ಯೂಗೆ ನಥಿಂಗ್ ("ಏನೂ ಇಲ್ಲ" ಎಂಬ ಬೆಲೆ) ಹಾಕುವುದು ವಾಡಿಕೆ. ಕೆಲಸಗಾರರು ನಾಲ್ಕು ಜನ, ನಥಿಂಗ್ ಒಂದೇ ಇದ್ದರೆ? ಮೊದಲು ಸಿಕ್ಕವನು ತೆಗೆದುಕೊಂಡು ಹೊರಡುತ್ತಾನೆ, ಉಳಿದ ಮೂವರು ಕಾಯುತ್ತಲೇ ಇರುತ್ತಾರೆ. ಒಂದೋ ನಾಲ್ಕು ನಥಿಂಗ್ ಹಾಕಿ, ಇಲ್ಲವೇ ಸಿಕ್ಕವನು ಹೊರಡುವ ಮೊದಲು ಅದನ್ನು ಕ್ಯೂಗೆ ವಾಪಸ್ ಇಟ್ಟು ಹೋಗಲಿ. ನಾನು ಎರಡನೆಯದನ್ನು ಮಾಡುತ್ತೇನೆ. ಕೆಲಸಗಾರರ ಸಂಖ್ಯೆ ಬದಲಾದರೂ ಕೋಡ್ ಮುಟ್ಟಬೇಕಿಲ್ಲ.

ಇನ್ನೊಂದು. ಕೆಲಸಗಾರರೆಲ್ಲ ಎಕ್ಸೆಪ್ಶನ್‌ನಿಂದ ಸತ್ತರು ಎಂದುಕೊಳ್ಳಿ. ಕ್ಯೂ ತುಂಬಿದೆ, ಓದುಗ ಅದರ ಮುಂದೆ ಕಾಯುತ್ತಿದೆ, ತೆಗೆಯುವವರು ಯಾರೂ ಇಲ್ಲ. ಇದಕ್ಕೇ ಓದುಗ ಮತ್ತು ಕೆಲಸಗಾರರನ್ನು ಬಿಡಿಬಿಡಿಯಾಗಿ ಫೋರ್ಕ್ ಮಾಡಬೇಡಿ. ಅಸಿಂಕ್‌ನ ಕನ್ಕರೆಂಟ್ಲಿ ಅಥವಾ ವಿತ್‌ಅಸಿಂಕ್‌ನಲ್ಲಿ ಕಟ್ಟಿ. ಕನ್ಕರೆಂಟ್ಲಿಯಲ್ಲಿ ಒಬ್ಬ ಬಿದ್ದರೆ ಇನ್ನೊಬ್ಬನನ್ನು ಅದೇ ನಿಲ್ಲಿಸುತ್ತದೆ, ತಪ್ಪು ಮೇಲಕ್ಕೆ ಬರುತ್ತದೆ. ಯಾರಿಗೂ ತಲುಪಲಾಗದೆ ಕಾಯುತ್ತಿರುವ ಥ್ರೆಡ್‌ಗಳನ್ನು ಜಿಎಚ್‌ಸಿ ಕಸ ಗುಡಿಸುವಾಗ ಗುರುತಿಸಿ ಎಕ್ಸೆಪ್ಶನ್ ಎಸೆಯುತ್ತದೆ, ನಿಜ. ಅದು ಬಗ್ ಹುಡುಕಲು ನೆರವು, ಅದನ್ನೇ ನಂಬಿ ಪ್ರೋಗ್ರಾಂ ನಿಲ್ಲಿಸುವ ಏರ್ಪಾಡು ಮಾಡಬಾರದು.

ಬೆಲೆ ಏನು? ಕ್ರಮ ಹೋಗುತ್ತದೆ. ಕೊನೆಯಲ್ಲಿ ಸಾಲುಗಳು ಬಂದ ಕ್ರಮದಲ್ಲೇ ಬೇಕಿದ್ದರೆ ಕಂತೆಗೆ ಸಂಖ್ಯೆ ಹಚ್ಚಿ ಆಮೇಲೆ ಜೋಡಿಸಬೇಕು. ಉದ್ದದ ವಹಿವಾಟು ಬರೆದರೆ ಚಿಕ್ಕವು ಅದನ್ನು ಮತ್ತೆ ಮತ್ತೆ ಮೊದಲಿಂದ ಶುರುಮಾಡಿಸುತ್ತವೆ. ಎಂವಾರ್‌ನಲ್ಲಿ ಸರದಿ ಪ್ರಕಾರ ಪಾಳಿ ಸಿಗುತ್ತದೆ, ಎಸ್‌ಟಿಎಂನಲ್ಲಿ ಆ ಭರವಸೆ ಇಲ್ಲ. ಚೀಟಿಯ ಹಳ್ಳ ಇಲ್ಲೂ ಇದೆ. ಕ್ಯೂಗೆ ಹಾಕುವ ಮೊದಲು ಫೋರ್ಸ್ ಮಾಡಿ, ವಹಿವಾಟಿನ ಹೊರಗೇ.

ದಾರಿ ಐದು: ಸ್ಟ್ರೀಮಿಂಗ್ ಲೈಬ್ರರಿ

ಲೇಜಿ ಓದಿನ ತೊಂದರೆಗಳಿಗೆ ಉತ್ತರವಾಗಿ ಮೊದಲು ಇಟರೇಟಿ ಎಂಬ ಯೋಚನೆ ಬಂತು. ಒಲೆಗ್ ಕಿಸೆಲ್ಯೋವ್ 2008ರ ಸುಮಾರಿಗೆ ಅದನ್ನು ಮುಂದಿಟ್ಟರು. ಅದರ ಹಿಂದೆ ಕಂಡ್ಯೂಟ್, ಪೈಪ್ಸ್, ಸ್ಟ್ರೀಮಿಂಗ್, ಸ್ಟ್ರೀಮ್ಲಿ ಬಂದವು. ಎಲ್ಲದರ ಹುರುಳು ಒಂದೇ: ತುಂಡು ತುಂಡಾಗಿ ಹರಿಯಲಿ, ಆದರೆ ಓದು ಚೀಟಿಯಲ್ಲಿ ಅಡಗದೆ ಕೋಡಿನಲ್ಲೇ ಎದ್ದು ಕಾಣಲಿ.

ಕಂಡ್ಯೂಟ್‌ನ ಬಲ ಮುಚ್ಚುವ ಕೆಲಸದಲ್ಲಿದೆ. ರಿಸೋರ್ಸ್‌ಟಿ (ತೆರೆದದ್ದನ್ನು ನೆನಪಿಟ್ಟು ಮುಚ್ಚುವ ಸಾಧನ) ಜೊತೆ ಬಳಸಿದರೆ ನಡುವೆ ಎಕ್ಸೆಪ್ಶನ್ ಬಂದರೂ ಫೈಲ್ ಮುಚ್ಚುತ್ತದೆ. ಆದರೆ ಕಂಡ್ಯೂಟ್ ಸ್ವತಃ ಒಂದೇ ಥ್ರೆಡ್‌ನ ಪೈಪ್. ಹಲವು ಥ್ರೆಡ್ ಬೇಕಿದ್ದರೆ ನಡುವೆ ಮತ್ತೆ ಕ್ಯೂ ಬರಬೇಕು. ಅದಕ್ಕೆ ಜೋಡಿ ಲೈಬ್ರರಿಗಳಿವೆ, ಅಥವಾ ದಾರಿ ನಾಲ್ಕರ ಟಿಬಿಕ್ಯೂವನ್ನೇ ನಡುವೆ ಕೂರಿಸಬಹುದು. ಸ್ಟ್ರೀಮ್ಲಿ ಬೇರೆ ಜಾತಿ. ಹಲವು ಥ್ರೆಡ್‌ಗಳು ಅದರ ಒಳಗೇ ಇವೆ. ಎಷ್ಟು ಥ್ರೆಡ್, ಎಷ್ಟು ಬಫರ್, ಕ್ರಮ ಉಳಿಸಬೇಕಾ ಬೇಡವಾ ಎಂದು ಹೇಳಿದರೆ ಉಳಿದದ್ದು ಅದರ ಪಾಡು.

ತಾಳ್ಮೆಯ ಖರ್ಚು ಇಲ್ಲಿ ಜಾಸ್ತಿ. ಟೈಪ್ ತಪ್ಪು ಮಾಡಿದರೆ ಕಂಪೈಲರ್ ಅರ್ಧ ಪುಟ ಬೈಯುತ್ತದೆ, ಮೊದಮೊದಲು ಒಂದು ಸಾಲೂ ಅರ್ಥವಾಗುವುದಿಲ್ಲ. ಓದು, ಬಿಡಿಸು, ಪಾರ್ಸ್ ಮಾಡು, ಸೋಸು, ಬರೆ ಎಂದು ಐದಾರು ಹಂತವಿದ್ದು, ಪ್ರೋಗ್ರಾಂ ದಿನಗಟ್ಟಲೆ ಓಡಬೇಕಿದ್ದರೆ ಆ ಖರ್ಚು ವಾಪಸ್ ಬರುತ್ತದೆ. ಎರಡೇ ಹಂತ ಇದ್ದರೆ ಬರುವುದಿಲ್ಲ.

ಬೇರೆ ಭಾಷೆಯವರಿಗೆ

ಕ್ಲೋಜರ್‌ನಲ್ಲಿ ಇದೇ ಬಗ್ ಬೇರೆ ಅಂಗಿ ತೊಟ್ಟು ಬರುತ್ತದೆ. ವಿತ್‌-ಓಪನ್ ಒಳಗಿಂದ ಲೈನ್-ಸೀಕ್ ಅನ್ನು ಹೊರಗೆ ಕೊಟ್ಟರೆ, ಓದಲು ಹೋದಾಗ ಸ್ಟ್ರೀಮ್ ಮುಚ್ಚಿದೆ ಎಂಬ ತಪ್ಪು. ಒಳಗೇ ಡೂಆಲ್ ಹಾಕಿ. ಪಿಮ್ಯಾಪ್ ಅರೆ ಲೇಜಿ, ಕೋರ್‌ಗಳ ಸಂಖ್ಯೆಗಿಂತ ಎರಡು ಹೆಚ್ಚಿನಷ್ಟು ಮುಂದೆ ಓಡುತ್ತದೆ ಎಂಬ ಲೆಕ್ಕ. ಮೇಲಿನ ಪಟ್ಟಿ ತುಂಡು ತುಂಡಾಗಿ ಬರುತ್ತಿದ್ದರೆ 32ರ ತುಂಡಿಗೆ ಆ ಲೆಕ್ಕ ಜಾರುತ್ತದೆ.

ಎಲಿಕ್ಸರ್‌ನವರು ಅದೃಷ್ಟವಂತರು. ಫೈಲ್ ಸ್ಟ್ರೀಮನ್ನು ಟಾಸ್ಕ್‌ನ ಅಸಿಂಕ್ ಸ್ಟ್ರೀಮ್‌ಗೆ ಕೊಟ್ಟರೆ ಮಿತಿ, ಕ್ರಮ ಎರಡೂ ತಾನಾಗಿ ಬರುತ್ತವೆ. ಒಂದೇ ನೆನಪಿಡಿ: ಬೇರೇನೂ ಹೇಳದಿದ್ದರೆ ಪ್ರತಿ ಕೆಲಸಕ್ಕೆ 5 ಸೆಕೆಂಡ್ ಗಡುವು, ದಾಟಿದರೆ ಕರೆದವನೇ ಬೀಳುತ್ತಾನೆ.

ಓಕ್ಯಾಮಲ್ 2022ರ ಡಿಸೆಂಬರ್‌ನಲ್ಲಿ 5.0 ಆಗಿ ಹಲವು ಕೋರ್ ಬಳಸಲು ಕಲಿಯಿತು. ಅಲ್ಲಿ ಒಂದೇ ಲೇಜಿ ಬೆಲೆಯನ್ನು ಎರಡು ಡೊಮೇನ್‌ಗಳು ಒಟ್ಟಿಗೆ ಬಿಡಿಸಿದರೆ ಎಕ್ಸೆಪ್ಶನ್ ಬರಬಹುದು, ಹ್ಯಾಸ್ಕೆಲ್‌ನಂತೆ ರನ್‌ಟೈಮ್ ಕಾಯುವುದಿಲ್ಲ. ಡೊಮೇನ್ ದಾಟಿಸುವ ಮೊದಲೇ ಬಿಡಿಸಿ.

ಹಾಗಾದರೆ ನಿಮಗೆ ಯಾವುದು?

ಫೈಲ್ ಮೆಮೊರಿಗೆ ಹಿಡಿಯುತ್ತದಾ? ಹೌದಾದರೆ ದಾರಿ ಎರಡು, ಮುಂದೆ ಯೋಚಿಸಬೇಡಿ. ಹಿಡಿಯುವುದಿಲ್ಲ, ಆದರೆ ಒಂದು ಕೋರ್ ವೇಗ ಸಾಕು ಅಂದರೆ ದಾರಿ ಒಂದು, ಲೇಜಿ ಬೈಟ್‌ಸ್ಟ್ರಿಂಗ್‌ನಲ್ಲಿ. ಹಿಡಿಯುವುದಿಲ್ಲ, ಒಂದು ಕೋರ್ ಸಾಲುವುದಿಲ್ಲ, ಹಂತಗಳು ಎರಡು ಮೂರು ಅಂದರೆ ದಾರಿ ನಾಲ್ಕು. ಹಂತಗಳು ಜಾಸ್ತಿ, ಪ್ರೋಗ್ರಾಂ ನಿಲ್ಲಬಾರದು ಅಂದರೆ ದಾರಿ ಐದು. ದಾರಿ ಮೂರನ್ನು ಕಲಿಯಲು ಒಮ್ಮೆ ಬರೆಯಿರಿ. ಉಳಿದವು ಒಳಗೆ ಹೇಗಿವೆ ಎಂದು ಅದರಿಂದ ಗೊತ್ತಾಗುತ್ತದೆ.

ಆರಿಸಿದ್ದು ಸರಿಯೇ ಎಂದು ನೋಡಲು ನಾನು ಮಾಡುವ ಎರಡು ಪರೀಕ್ಷೆ ಹೇಳಿಬಿಡುತ್ತೇನೆ. ಪ್ರೋಗ್ರಾಮನ್ನು ಆರ್‌ಟಿಎಸ್‌ಆಪ್ಟ್ಸ್ ಹಾಕಿ ಕಂಪೈಲ್ ಮಾಡಿ, ರನ್‌ಟೈಮ್‌ಗೆ ಎಂ64ಎಂ ಎಂಬ ಮಿತಿ ಕೊಡಿ, ಅಂದರೆ 64 ಎಂಬಿ ಹೀಪ್. ಈಗ ಯೆಸ್ ಕಮಾಂಡನ್ನು ಪೈಪ್ ಮೂಲಕ ಅದಕ್ಕೆ ಹಚ್ಚಿ. ಯೆಸ್ ನಿಲ್ಲದೆ ಒಂದೇ ಸಾಲನ್ನು ಉಗುಳುತ್ತಿರುತ್ತದೆ. ದಾರಿ ಎರಡಾದರೆ ಕೂಡಲೇ ಬೀಳುತ್ತದೆ, ಬೀಳಲೇಬೇಕು. ದಾರಿ ನಾಲ್ಕು, ಐದರಲ್ಲಿ ನಿಮಿಷಗಟ್ಟಲೆ ಓಡಿದರೂ ಬೀಳಬಾರದು. ಬಿದ್ದರೆ ಎಲ್ಲೋ ಮಿತಿಯಿಲ್ಲದ ಚಾನಲ್ ಇದೆ, ಅಥವಾ ಚೀಟಿಗಳು ಗುಡ್ಡೆ ಬೀಳುತ್ತಿವೆ.

ಎರಡನೆಯದು: ಕೆಲಸಗಾರನ ಕೋಡಿನಲ್ಲಿ ಸಾವಿರದ ಸಾಲಿಗೆ ಬೇಕೆಂದೇ ಒಂದು ಎರರ್ ಎಸೆಯಿರಿ. ಪ್ರೋಗ್ರಾಂ ತಕ್ಷಣ ತಪ್ಪು ತೋರಿಸಿ ನಿಂತರೆ ಸರಿ. ತೆರೆಯ ಮೇಲೆ ಒಂದು ಸಾಲು ಬರೆದು, ಕರ್ಸರ್ ಮಿನುಗಿಸುತ್ತ ಸುಮ್ಮನೆ ಕೂತರೆ ಎಲ್ಲೋ ಒಂದು ಬರಿಯ ಫೋರ್ಕ್‌ಐಒ ಉಳಿದಿದೆ, ಹುಡುಕಿ.